ಪಕ್ಷಿಗಳ ಮಿಲನ ವರ್ತನೆ ಮತ್ತು ಮಿದುಳಿನ ಹಾರ್ಮೋನುಗಳು

ಪಕ್ಷಿಗಳು ಹಾಡುವುದು, ಕುಣಿದು ಓಲೈಸುವುದು, ಸಂಗಾತಿಯನ್ನು ಆರಿಸಿಕೊಳ್ಳುವುದು, ಗೂಡು ಕಟ್ಟುವುದು, ಕೂಡುವುದು ಮತ್ತು ಜೋಡಿಯಾಗಿ ಬಾಳುವುದು ಇವೆಲ್ಲವನ್ನೂ ಒಟ್ಟಾಗಿ ಮಿಲನ ವರ್ತನೆ ಎಂದು ಕರೆಯಲಾಗುತ್ತದೆ. ಹೆಚ್ಚಿನ ಪಕ್ಷಿಗಳಲ್ಲಿ ಈ ವರ್ತನೆ ವರ್ಷವಿಡೀ ಕಾಣುವುದಿಲ್ಲ. ನಿರ್ದಿಷ್ಟ ಋತುವಿನಲ್ಲಿ ಪ್ರಕಟವಾಗಿ ಅನಂತರ ಮರೆಯಾಗುತ್ತದೆ. ಈ ಬದಲಾವಣೆಯನ್ನು ನಿಯಂತ್ರಿಸುವ ಮುಖ್ಯ ಅಂಗ ಮಿದುಳು. ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಎಂಬ ಭಾಗವು ಹಲವು ಹಾರ್ಮೋನುಗಳನ್ನು ಸ್ರವಿಸಿ ಪಿಟ್ಯುಟರಿ ಗ್ರಂಥಿಯ ಮೂಲಕ ವೃಷಣ ಮತ್ತು ಅಂಡಾಶಯಗಳನ್ನು ಪ್ರಚೋದಿಸುತ್ತದೆ. ವೃಷಣ ಮತ್ತು ಅಂಡಾಶಯಗಳಲ್ಲಿ ಉತ್ಪತ್ತಿಯಾಗುವ ಲೈಂಗಿಕ ಹಾರ್ಮೋನುಗಳು ರಕ್ತದ ಮೂಲಕ ಮತ್ತೆ ಮಿದುಳನ್ನು ತಲುಪಿ ವರ್ತನೆಯನ್ನು ರೂಪಿಸುತ್ತವೆ. ಇದರ ಜೊತೆಗೆ ಮಿದುಳು ತನ್ನೊಳಗೇ ಈಸ್ಟ್ರೋಜನ್ ಹಾರ್ಮೋನನ್ನೂ ತಯಾರಿಸಿಕೊಳ್ಳುತ್ತದೆ.

ಈ ಸಂಬಂಧ ಒಮ್ಮುಖವಾದುದಲ್ಲ. ಹಾರ್ಮೋನುಗಳು ವರ್ತನೆಯನ್ನು ಬದಲಿಸುವಂತೆಯೇ ಹಗಲಿನ ಉದ್ದ, ಮಳೆ, ಎದುರಾಳಿಯ ಸವಾಲು, ಸಂಗಾತಿಯ ಹಾಡು ಮತ್ತು ಪಕ್ಷಿಯ ಸ್ವಂತ ಕೂಗು ಕೂಡ ಹಾರ್ಮೋನುಗಳ ಪ್ರಮಾಣವನ್ನು ಬದಲಿಸುತ್ತವೆ.

ಸಂಶೋಧನೆಯ ಇತಿಹಾಸ

ಹಾರ್ಮೋನುಗಳಿಗೂ ವರ್ತನೆಗೂ ಇರುವ ಸಂಬಂಧದ ಮೊದಲ ಪ್ರಾಯೋಗಿಕ ಸಾಕ್ಷ್ಯ ದೊರೆತದ್ದು ಕೋಳಿಗಳಿಂದ. 1849ರಲ್ಲಿ ಜರ್ಮನಿಯ ಗಟಿಂಗೆನ್ ನಗರದಲ್ಲಿ ಆರ್ನಾಲ್ಡ್ ಬರ್ತೋಲ್ಡ್ ಎಂಬ ವಿಜ್ಞಾನಿ ಆರು ಎಳೆಯ ಹುಂಜಗಳ ವೃಷಣಗಳನ್ನು ತೆಗೆದು ಪ್ರಯೋಗ ನಡೆಸಿದನು. ವೃಷಣವಿಲ್ಲದೆ ಬೆಳೆದ ಹುಂಜಗಳು ಕೂಗಲಿಲ್ಲ, ಕಾದಾಡಲಿಲ್ಲ, ಹೇಂಟೆಗಳ ಬಳಿ ಸುಳಿಯಲಿಲ್ಲ. ಅವುಗಳ ಜುಟ್ಟು ಕೂಡ ಸರಿಯಾಗಿ ಬೆಳೆಯಲಿಲ್ಲ. ಹೊಟ್ಟೆಯೊಳಗೆ ವೃಷಣವನ್ನು ಮರಳಿ ಕಸಿ ಮಾಡಿಸಿಕೊಂಡ ಹುಂಜಗಳಾದರೋ ಸಾಮಾನ್ಯ ಹುಂಜಗಳಂತೆಯೇ ವರ್ತಿಸಿದವು. ಕಸಿಯಾದ ವೃಷಣಕ್ಕೆ ಮೊದಲಿನ ನರಸಂಪರ್ಕ ಇರಲಿಲ್ಲವಾದ್ದರಿಂದ ಅದರ ಪ್ರಭಾವ ರಕ್ತದ ಮೂಲಕವೇ ದೇಹದಲ್ಲಿ ಹರಡುತ್ತದೆ ಎಂದು ಬರ್ತೋಲ್ಡ್ ನಿರ್ಣಯಿಸಿದನು. ಹಾರ್ಮೋನು ಎಂಬ ಪದ ಬಳಕೆಗೆ ಬಂದದ್ದು ಇದಾದ ಅರ್ಧ ಶತಮಾನದ ಬಳಿಕ, 1905ರಲ್ಲಿ.

1920ರ ದಶಕದಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ವಿಲಿಯಂ ರೋವನ್ ಎಂಬ ಪಕ್ಷಿವಿಜ್ಞಾನಿ ಜುಂಕೋ ಎಂಬ ಸಣ್ಣ ಹಕ್ಕಿಗಳನ್ನು ಹೊರಾಂಗಣದ ಪಂಜರಗಳಲ್ಲಿ ಇರಿಸಿ, ಕಡು ಚಳಿಗಾಲದಲ್ಲಿ ವಿದ್ಯುತ್ ದೀಪಗಳ ಮೂಲಕ ಹಗಲನ್ನು ಕೃತಕವಾಗಿ ದೀರ್ಘಗೊಳಿಸಿದನು. ಹಿಮ ಸುರಿಯುತ್ತಿದ್ದರೂ ಅವುಗಳ ಜನನಗ್ರಂಥಿಗಳು ವಸಂತದಲ್ಲಿ ಬೆಳೆಯುವಂತೆ ಬೆಳೆದವು. ಸಂತಾನೋತ್ಪತ್ತಿಯ ಕಾಲವನ್ನು ಸೂಚಿಸುವುದು ಬಿಸಿಲಿನ ಶಾಖವಲ್ಲ, ಹಗಲಿನ ಉದ್ದ ಎಂಬುದು ಇದರಿಂದ ಸ್ಪಷ್ಟವಾಯಿತು. 1930ರ ದಶಕದಲ್ಲಿ ಫ್ರಾನ್ಸಿನ ಜಾಕ್ ಬೆನ್ವಾ ಬಾತುಕೋಳಿಗಳ ಮೇಲೆ ನಡೆಸಿದ ಪ್ರಯೋಗಗಳು ಇನ್ನೊಂದು ಹೆಜ್ಜೆ ಮುಂದೆ ಹೋದವು. ಕಣ್ಣುಗಳನ್ನು ತೆಗೆದ ಬಾತುಗಳಲ್ಲಿಯೂ ಬೆಳಕಿಗೆ ಪ್ರತಿಯಾಗಿ ವೃಷಣಗಳು ಬೆಳೆದವು. ಸ್ಫಟಿಕದ ಕಡ್ಡಿಯ ಮೂಲಕ ಹೈಪೋಥಲಾಮಸ್‌ಗೆ ನೇರವಾಗಿ ಬೆಳಕು ಹಾಯಿಸಿದಾಗಲೂ ಅದೇ ಫಲ ದೊರೆಯಿತು.

ಮಿದುಳಿನಿಂದ ಹೊರಡುವ ಮುಖ್ಯ ಸಂದೇಶವಾಹಕವಾದ ಗೊನಾಡೋಟ್ರೋಪಿನ್ ಬಿಡುಗಡೆ ಹಾರ್ಮೋನಿನ ರಚನೆಯನ್ನು 1971ರಲ್ಲಿ ಸಸ್ತನಿಗಳಲ್ಲಿ ಗುರುತಿಸಲಾಯಿತು. ಹೈಪೋಥಲಾಮಸ್ಸಿನ ಪೆಪ್ಟೈಡ್ ಹಾರ್ಮೋನುಗಳ ಕುರಿತ ಸಂಶೋಧನೆಗಾಗಿ ಆಂಡ್ರ್ಯೂ ಶಾಲಿ ಮತ್ತು ರೋಜರ್ ಗಿಯ್ಮ್ಯಾ ಅವರಿಗೆ 1977ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಕೋಳಿಯ ಮಿದುಳಿನಲ್ಲಿರುವ ಇದರ ರೂಪವನ್ನು 1982ರಲ್ಲಿ ಗುರುತಿಸಲಾಯಿತು. 2000ದಲ್ಲಿ ಜಪಾನಿನ ಕಜುಯೋಶಿ ತ್ಸುತ್ಸುಯಿ ಮತ್ತು ಸಂಗಡಿಗರು ಜಪಾನೀ ಲಾವಕ್ಕಿಯ ಮಿದುಳಿನಲ್ಲಿ ಇದಕ್ಕೆ ವಿರುದ್ಧವಾಗಿ ಕೆಲಸ ಮಾಡುವ ಹೊಸ ಹಾರ್ಮೋನೊಂದನ್ನು ಪತ್ತೆಹಚ್ಚಿದರು.

ಮಿದುಳು, ಪಿಟ್ಯುಟರಿ ಮತ್ತು ಜನನಗ್ರಂಥಿಗಳ ಸರಣಿ

ಗೊನಾಡೋಟ್ರೋಪಿನ್ ಬಿಡುಗಡೆ ಹಾರ್ಮೋನು (ಜಿಎನ್‌ಆರ್‌ಎಚ್) ಹತ್ತು ಅಮೈನೋ ಆಮ್ಲಗಳಿಂದಾದ ಕಿರು ಪೆಪ್ಟೈಡ್. ಕೋಳಿಯಲ್ಲಿ ಕಂಡುಬರುವ ಮೊದಲ ರೂಪವು ಸಸ್ತನಿಗಳ ರೂಪಕ್ಕಿಂತ ಎಂಟನೆಯ ಸ್ಥಾನದ ಒಂದೇ ಒಂದು ಅಮೈನೋ ಆಮ್ಲದಲ್ಲಿ ಭಿನ್ನವಾಗಿದೆ. ಹೈಪೋಥಲಾಮಸ್ ಮತ್ತು ಅದರ ಆಸುಪಾಸಿನ ನರಕೋಶಗಳು ಇದನ್ನು ತಯಾರಿಸಿ, ಪಿಟ್ಯುಟರಿ ಗ್ರಂಥಿಗೆ ಸಾಗುವ ಸೂಕ್ಷ್ಮ ರಕ್ತನಾಳಗಳಿಗೆ ಬಿಡುತ್ತವೆ. ಇದರ ಪ್ರಚೋದನೆಯಿಂದ ಪಿಟ್ಯುಟರಿ ಗ್ರಂಥಿಯು ಲ್ಯೂಟಿನೈಸಿಂಗ್ ಹಾರ್ಮೋನು (ಎಲ್‌ಎಚ್) ಮತ್ತು ಕೋಶಕ ಪ್ರಚೋದಕ ಹಾರ್ಮೋನು (ಎಫ್‌ಎಸ್‌ಎಚ್) ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಸ್ರವಿಸುತ್ತದೆ. ಇವು ಗಂಡಿನಲ್ಲಿ ವೃಷಣಗಳನ್ನು ಬೆಳೆಸಿ ಟೆಸ್ಟೋಸ್ಟೆರೋನ್ ಉತ್ಪಾದನೆಯನ್ನೂ, ಹೆಣ್ಣಿನಲ್ಲಿ ಅಂಡಾಶಯವನ್ನು ಬೆಳೆಸಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಉತ್ಪಾದನೆಯನ್ನೂ ಹೆಚ್ಚಿಸುತ್ತವೆ. ಸಣ್ಣ ಹಾಡುಹಕ್ಕಿಗಳ ವೃಷಣಗಳು ಸಂತಾನೋತ್ಪತ್ತಿಯ ಕಾಲದಲ್ಲಿ ನೂರಾರು ಪಟ್ಟು ಹಿಗ್ಗಿ, ಅನಂತರ ಮತ್ತೆ ಕುಗ್ಗುತ್ತವೆ. ಹೆಚ್ಚಿನ ಜಾತಿಯ ಹೆಣ್ಣುಗಳಲ್ಲಿ ಎಡಭಾಗದ ಅಂಡಾಶಯ ಮಾತ್ರ ಬೆಳೆದು ಕಾರ್ಯನಿರ್ವಹಿಸುತ್ತದೆ. ದೇಹದ ಭಾರವನ್ನು ಹಗುರವಾಗಿ ಇರಿಸಿಕೊಳ್ಳಬೇಕಾದ ಹಾರುವ ಪ್ರಾಣಿಗೆ ಈ ವ್ಯವಸ್ಥೆ ಅನುಕೂಲಕರವಾಗಿದೆ.

ರಕ್ತದಲ್ಲಿ ಲೈಂಗಿಕ ಹಾರ್ಮೋನುಗಳ ಪ್ರಮಾಣ ಹೆಚ್ಚಿದಾಗ ಅವು ಮಿದುಳು ಮತ್ತು ಪಿಟ್ಯುಟರಿಯ ಮೇಲೆ ಹಿಂಪ್ರಭಾವ ಬೀರಿ ಮುಂದಿನ ಸ್ರವಿಕೆಯನ್ನು ಹದಗೊಳಿಸುತ್ತವೆ.

ಜಿಎನ್‌ಆರ್‌ಎಚ್‌ನ ಎರಡನೆಯ ರೂಪವೊಂದು ಪಕ್ಷಿಗಳ ನಡುಮಿದುಳಿನಲ್ಲಿ ಕಂಡುಬರುತ್ತದೆ. ಇದನ್ನೂ ಮೊದಲು ಗುರುತಿಸಿದ್ದು ಕೋಳಿಯಲ್ಲಿ. ಬಿಳಿ ಕಿರೀಟದ ಗುಬ್ಬಿ ಎಂಬ ಅಮೆರಿಕದ ಹಕ್ಕಿಯ ಹೆಣ್ಣುಗಳ ಮಿದುಳಿಗೆ ಈ ಎರಡನೆಯ ರೂಪವನ್ನು ನೀಡಿದಾಗ, ಗಂಡಿನ ಹಾಡನ್ನು ಕೇಳಿ ಬಾಲವೆತ್ತಿ ರೆಕ್ಕೆ ಅದುರಿಸುವ ಆಹ್ವಾನ ಭಂಗಿ ಹೆಚ್ಚಾಯಿತು. ಮೊದಲ ರೂಪಕ್ಕೆ ಈ ಪರಿಣಾಮ ಇರಲಿಲ್ಲ. ಮಿದುಳಿನ ಹಾರ್ಮೋನು ಜನನಗ್ರಂಥಿಗಳನ್ನು ಬಳಸಿಕೊಳ್ಳದೆ ವರ್ತನೆಯ ಮೇಲೆ ನೇರವಾಗಿಯೂ ಪ್ರಭಾವ ಬೀರಬಲ್ಲದು ಎಂಬುದಕ್ಕೆ ಇದು ನಿದರ್ಶನ.

ತಡೆ ಹಾರ್ಮೋನು

2000ದಲ್ಲಿ ಪತ್ತೆಯಾದ ಗೊನಾಡೋಟ್ರೋಪಿನ್ ತಡೆ ಹಾರ್ಮೋನು (ಜಿಎನ್‌ಐಎಚ್) ಹನ್ನೆರಡು ಅಮೈನೋ ಆಮ್ಲಗಳ ಪೆಪ್ಟೈಡ್. ಅಲ್ಲಿಯವರೆಗೆ ಮಿದುಳು ಸಂತಾನೋತ್ಪತ್ತಿಯನ್ನು ಪ್ರಚೋದಿಸುತ್ತದೆ ಎಂಬುದು ತಿಳಿದಿತ್ತೇ ಹೊರತು, ಗೊನಾಡೋಟ್ರೋಪಿನ್ ಹಾರ್ಮೋನುಗಳ ಬಿಡುಗಡೆಯನ್ನು ತಡೆಯುವ ಪೆಪ್ಟೈಡನ್ನೂ ಅದು ತಯಾರಿಸುತ್ತದೆ ಎಂಬುದು ತಿಳಿದಿರಲಿಲ್ಲ. ಈ ಹಾರ್ಮೋನು ಪಿಟ್ಯುಟರಿಯಿಂದ ಎಲ್‌ಎಚ್ ಬಿಡುಗಡೆಯಾಗುವುದನ್ನು ತಗ್ಗಿಸುವುದಲ್ಲದೆ ಜಿಎನ್‌ಆರ್‌ಎಚ್ ನರಕೋಶಗಳ ಮೇಲೂ ಕೆಲಸ ಮಾಡುತ್ತದೆ. ರಾತ್ರಿಯ ವೇಳೆ ಸ್ರವಿಸುವ ಮೆಲಟೋನಿನ್ ಲಾವಕ್ಕಿಯಲ್ಲಿ ಇದರ ಉತ್ಪಾದನೆಯನ್ನು ಹೆಚ್ಚಿಸುತ್ತದೆ.

ತಡೆ ಹಾರ್ಮೋನನ್ನು ಮಿದುಳಿಗೆ ನೀಡಿದಾಗ ಬಿಳಿ ಕಿರೀಟದ ಗುಬ್ಬಿಯ ಹೆಣ್ಣುಗಳ ಆಹ್ವಾನ ಭಂಗಿ ಕಡಿಮೆಯಾಗುತ್ತದೆ. ಹಿಡಿದು ಗಾಬರಿಗೊಳಿಸಿದ ಮನೆಗುಬ್ಬಚ್ಚಿಗಳಲ್ಲಿ, ವಸಂತ ಕಾಲದಲ್ಲಿ, ಈ ಹಾರ್ಮೋನನ್ನು ತಯಾರಿಸುವ ನರಕೋಶಗಳ ಸಂಖ್ಯೆ ಹೆಚ್ಚಿರುವುದು ಕಂಡುಬಂದಿದೆ. ಯುರೋಪಿನ ಸ್ಟಾರ್ಲಿಂಗ್ ಹಕ್ಕಿಗಳ ಅಧ್ಯಯನದಲ್ಲಿ, ಋತುವಿನ ಆರಂಭದಲ್ಲಿ ಗೂಡುಪೆಟ್ಟಿಗೆ ದಕ್ಕಿದ ಹಕ್ಕಿಗಳಿಗಿಂತ ದಕ್ಕದ ಹಕ್ಕಿಗಳಲ್ಲಿ ಇಂತಹ ನರಕೋಶಗಳು ಅಧಿಕವಾಗಿದ್ದವು. ಅಪಾಯ ಎದುರಾದಾಗ ಅಥವಾ ಗೂಡಿಗೆ ನೆಲೆ ಸಿಗದಿದ್ದಾಗ ಸಂತಾನೋತ್ಪತ್ತಿಯನ್ನು ತಡೆಹಿಡಿಯುವ ಸಾಧನವಾಗಿ ಈ ಹಾರ್ಮೋನು ಕೆಲಸ ಮಾಡುತ್ತದೆ ಎಂಬ ವಿವರಣೆಗೆ ಇಂತಹ ಫಲಿತಾಂಶಗಳು ಪೂರಕವಾಗಿವೆ.

ಬೆಳಕು, ಋತು ಮತ್ತು ಮಳೆ

ಮನುಷ್ಯರು ಕಣ್ಣಿನಿಂದಷ್ಟೇ ಬೆಳಕನ್ನು ಗ್ರಹಿಸಿದರೆ, ಪಕ್ಷಿಗಳು ಮಿದುಳಿನ ಒಳಭಾಗದಿಂದಲೂ ಗ್ರಹಿಸುತ್ತವೆ. ಬೆಳಕು ಗರಿ, ಚರ್ಮ ಮತ್ತು ತೆಳುವಾದ ತಲೆಬುರುಡೆಯನ್ನು ಹಾದು ಹೈಪೋಥಲಾಮಸ್ಸನ್ನು ತಲುಪುತ್ತದೆ. ಮೈಕೆಲ್ ಮೆನಾಕರ್ ಮನೆಗುಬ್ಬಚ್ಚಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ನೆತ್ತಿಯ ಚರ್ಮದಡಿ ಕಪ್ಪು ಶಾಯಿ ಚುಚ್ಚಿ ಬೆಳಕನ್ನು ತಡೆದಾಗ ವೃಷಣಗಳ ಬೆಳವಣಿಗೆ ಕುಂಠಿತವಾಯಿತು. ಕಣ್ಣುಗಳು ತೆರೆದಿದ್ದರೂ ಅವು ಈ ಕೊರತೆಯನ್ನು ತುಂಬಿಕೊಡಲಿಲ್ಲ. ಮಿದುಳಿನ ಆಳದಲ್ಲಿರುವ ಈ ಬೆಳಕುಗ್ರಾಹಿ ಕೋಶಗಳಲ್ಲಿ ಆಪ್ಸಿನ್ 5 ಮುಂತಾದ ವರ್ಣಕ ಪ್ರೋಟೀನುಗಳಿವೆ ಎಂಬುದು 2009 ಮತ್ತು 2010ರಲ್ಲಿ ಪ್ರಕಟವಾದ ಸಂಶೋಧನೆಗಳಿಂದ ತಿಳಿದುಬಂದಿದೆ.

ಬೆಳಕಿನ ಸಂಕೇತವು ಹಾರ್ಮೋನಿನ ಸಂಕೇತವಾಗಿ ಮಾರ್ಪಡುವ ಬಗೆಯನ್ನು ಜಪಾನಿನ ತಕಾಶಿ ಯೋಶಿಮುರ ಮತ್ತು ಸಂಗಡಿಗರು ಲಾವಕ್ಕಿಯಲ್ಲಿ ವಿವರಿಸಿದ್ದಾರೆ. ಇದರ ಹಂತಗಳು ಹೀಗಿವೆ:

1. ಹಗಲು ದೀರ್ಘವಾದಾಗ ಪಿಟ್ಯುಟರಿಗೆ ಸೇರಿದ ಪಾರ್ಸ್ ಟ್ಯೂಬರಾಲಿಸ್ ಎಂಬ ಭಾಗವು ಥೈರಾಯ್ಡ್ ಪ್ರಚೋದಕ ಹಾರ್ಮೋನನ್ನು ತಯಾರಿಸುತ್ತದೆ.
2. ಈ ಹಾರ್ಮೋನು ಥೈರಾಯ್ಡ್ ಗ್ರಂಥಿಯ ಕಡೆಗೆ ಸಾಗದೆ, ಪಕ್ಕದ ಹೈಪೋಥಲಾಮಸ್ಸಿನ ಮೇಲೆ ಕೆಲಸ ಮಾಡಿ ಡಿಅಯೋಡಿನೇಸ್ 2 ಎಂಬ ಕಿಣ್ವದ ಪ್ರಮಾಣವನ್ನು ಹೆಚ್ಚಿಸುತ್ತದೆ.
3. ಆ ಕಿಣ್ವವು ಥೈರಾಕ್ಸಿನ್ ಹಾರ್ಮೋನನ್ನು ಅದರ ಹೆಚ್ಚು ಸಕ್ರಿಯ ರೂಪಕ್ಕೆ (ಟಿ3) ಪರಿವರ್ತಿಸುತ್ತದೆ.
4. ಸಕ್ರಿಯ ಥೈರಾಯ್ಡ್ ಹಾರ್ಮೋನಿನ ಪ್ರಭಾವದಿಂದ ಜಿಎನ್‌ಆರ್‌ಎಚ್ ಬಿಡುಗಡೆ ಸುಗಮವಾಗಿ, ಎಲ್‌ಎಚ್ ಪ್ರಮಾಣ ಏರುತ್ತದೆ.

ಲಾವಕ್ಕಿಯಲ್ಲಿ ಈ ಸರಣಿಯು ಮೊದಲ ದೀರ್ಘ ಹಗಲಿನ ಕೊನೆಯ ವೇಳೆಗೇ ಚಾಲನೆ ಪಡೆಯುತ್ತದೆ. ಅನೇಕ ಜಾತಿಗಳಲ್ಲಿ, ದೀರ್ಘ ಹಗಲು ಹಲವು ವಾರ ಮುಂದುವರಿದ ಬಳಿಕ ಮಿದುಳು ಅದಕ್ಕೆ ಸ್ಪಂದಿಸುವುದನ್ನು ನಿಲ್ಲಿಸುತ್ತದೆ ಮತ್ತು ಜನನಗ್ರಂಥಿಗಳು ಕುಗ್ಗುತ್ತವೆ. ಬೇಸಗೆಯ ಬೆಳಕು ಇನ್ನೂ ಇರುವಾಗಲೇ ಹಾಡು ನಿಂತು ಗರಿ ಉದುರಲಾರಂಭಿಸುವುದಕ್ಕೆ ಇದೇ ಕಾರಣ. ಈ ವ್ಯವಸ್ಥೆಯಿಂದಾಗಿ ಆಹಾರ ಕಡಿಮೆಯಾಗುವ ಕಾಲದಲ್ಲಿ ಮರಿಗಳು ಹುಟ್ಟುವುದು ತಪ್ಪುತ್ತದೆ.

ಕಪ್ಪು ತಲೆಯ ಬಂಟಿಂಗ್ ಎಂಬ ವಲಸೆ ಹಕ್ಕಿಯ ಮೇಲೆ ಭಾರತದ ವಿಶ್ವವಿದ್ಯಾಲಯಗಳಲ್ಲಿ ಈ ಕುರಿತು ವಿಸ್ತೃತ ಸಂಶೋಧನೆ ನಡೆದಿದೆ. ಉತ್ತರ ಕರ್ನಾಟಕವೂ ಸೇರಿದಂತೆ ಪಶ್ಚಿಮ ಮತ್ತು ಮಧ್ಯ ಭಾರತದ ಹೊಲಗಳಲ್ಲಿ ಚಳಿಗಾಲವನ್ನು ಕಳೆಯುವ ಈ ಹಕ್ಕಿಗಳು ಸಂತಾನೋತ್ಪತ್ತಿಗೆ ಪಶ್ಚಿಮ ಏಷ್ಯಾ ಮತ್ತು ಆಗ್ನೇಯ ಯುರೋಪಿಗೆ ಮರಳುತ್ತವೆ. ಹಗಲು ದೀರ್ಘವಾದಂತೆ ಇವುಗಳ ಮೈಯಲ್ಲಿ ಕೊಬ್ಬು ಸಂಗ್ರಹವಾಗುವುದೂ ಜನನಗ್ರಂಥಿಗಳು ಬೆಳೆಯುವುದೂ ಪ್ರಯೋಗಗಳಲ್ಲಿ ದೃಢಪಟ್ಟಿವೆ.

ಸಮಭಾಜಕ ವೃತ್ತದ ಸಮೀಪದಲ್ಲಿ ಹಗಲಿನ ಉದ್ದ ವರ್ಷದುದ್ದಕ್ಕೂ ಹೆಚ್ಚು ಬದಲಾಗುವುದಿಲ್ಲ. ಆದರೂ ಪನಾಮಾ ದೇಶದ ಚುಕ್ಕೆ ಇರುವೆಹಕ್ಕಿಯು ಹಗಲಿನಲ್ಲಾಗುವ 17 ನಿಮಿಷಗಳ ಹೆಚ್ಚಳವನ್ನೂ ಗುರುತಿಸಿ ಸ್ಪಂದಿಸುತ್ತದೆ ಎಂದು 1998ರ ಅಧ್ಯಯನವೊಂದು ತೋರಿಸಿದೆ. ಹಲವು ಉಷ್ಣವಲಯದ ಹಕ್ಕಿಗಳಿಗೆ ಹಗಲಿನ ಉದ್ದ ಪೂರ್ವಸೂಚನೆಯಾದರೆ, ಮಳೆ ಮತ್ತು ಆಹಾರ ಅಂತಿಮ ಸೂಚನೆಗಳಾಗಿವೆ. ಕರ್ನಾಟಕದ ಬಯಲುಗಳಲ್ಲಿ ಗೀಜಗವು ಮುಂಗಾರು ಮಳೆಯ ಬಳಿಕ, ಹಸಿರು ಹುಲ್ಲು ಮತ್ತು ಕೀಟಗಳು ಹೇರಳವಾಗಿ ದೊರೆಯುವಾಗ ಗೂಡು ನೇಯುವುದನ್ನು ಕಾಣಬಹುದು. ಆಸ್ಟ್ರೇಲಿಯಾದ ಒಣನಾಡಿನ ಜೀಬ್ರಾ ಫಿಂಚ್ ಹಕ್ಕಿಯ ಜನನಗ್ರಂಥಿಗಳು ಬಹುಮಟ್ಟಿಗೆ ಸದಾ ಸಿದ್ಧಸ್ಥಿತಿಯಲ್ಲಿದ್ದು, ಮಳೆ ಬಂದ ಕೂಡಲೇ ಸಂತಾನೋತ್ಪತ್ತಿಗೆ ತೊಡಗಲು ನೆರವಾಗುತ್ತವೆ.

ಮಿದುಳಿನಲ್ಲೇ ತಯಾರಾಗುವ ಈಸ್ಟ್ರೋಜನ್

ಟೆಸ್ಟೋಸ್ಟೆರೋನನ್ನು ಗಂಡಿನ ಹಾರ್ಮೋನು ಎಂದೂ ಈಸ್ಟ್ರೋಜನ್ನನ್ನು ಹೆಣ್ಣಿನ ಹಾರ್ಮೋನು ಎಂದೂ ಹೇಳುವ ರೂಢಿಯಿದೆ. ಪಕ್ಷಿಗಳ ಮಿದುಳಿನ ಅಧ್ಯಯನವು ಈ ವಿಭಜನೆ ಸರಿಯಲ್ಲವೆಂದು ತೋರಿಸಿದೆ. ಮಿದುಳಿನಲ್ಲಿರುವ ಅರೋಮಟೇಸ್ ಎಂಬ ಕಿಣ್ವವು ಟೆಸ್ಟೋಸ್ಟೆರೋನನ್ನು ಈಸ್ಟ್ರೋಜನ್ ವರ್ಗದ ಎಸ್ಟ್ರಾಡಯೋಲ್ ಆಗಿ ಪರಿವರ್ತಿಸುತ್ತದೆ. ಗಂಡು ಲಾವಕ್ಕಿಯು ಹೆಣ್ಣನ್ನು ಕೂಡುವುದಕ್ಕೆ ಬೇಕಾಗಿರುವುದು ಬಹುಪಾಲು ಹೀಗೆ ರೂಪುಗೊಂಡ ಎಸ್ಟ್ರಾಡಯೋಲ್. ಹೈಪೋಥಲಾಮಸ್ಸಿನ ಮುಂದಿರುವ ಮಧ್ಯದ ಪ್ರೀಆಪ್ಟಿಕ್ ನರಕೇಂದ್ರದಲ್ಲಿ ಅರೋಮಟೇಸ್ ಹೇರಳವಾಗಿದೆ. ಅಲ್ಲಿ ಈ ಕಿಣ್ವವನ್ನು ತಡೆದರೆ ಟೆಸ್ಟೋಸ್ಟೆರೋನ್ ಸಾಕಷ್ಟಿದ್ದರೂ ಕೂಡುವ ವರ್ತನೆ ಕುಗ್ಗುತ್ತದೆ. ಅದೇ ಹಕ್ಕಿಯ ಕೂಗು ಮಾತ್ರ ಈಸ್ಟ್ರೋಜನ್ನನ್ನು ಅವಲಂಬಿಸದೆ ಆಂಡ್ರೋಜನ್ ವರ್ಗದ ಹಾರ್ಮೋನುಗಳನ್ನೇ ಅವಲಂಬಿಸಿದೆ. ಜಾಕ್ ಬಾಲ್ಟಜಾರ್, ಗ್ರೆಗರಿ ಬಾಲ್ ಮತ್ತು ಎಲಿಜಬೆತ್ ಆಡ್ಕಿನ್ಸ್-ರೀಗನ್ ಈ ಕ್ಷೇತ್ರದ ಪ್ರಮುಖ ಸಂಶೋಧಕರು.

ಈಸ್ಟ್ರೋಜನ್‌ನ ಪಾತ್ರ ಮೊಟ್ಟೆಯೊಳಗಿನ ಭ್ರೂಣದಲ್ಲಿಯೇ ಆರಂಭವಾಗುತ್ತದೆ. ಹೆಣ್ಣು ಲಾವಕ್ಕಿಯ ಭ್ರೂಣದ ಅಂಡಾಶಯವು ಸ್ರವಿಸುವ ಈಸ್ಟ್ರೋಜನ್, ಗಂಡಿನಂತೆ ವರ್ತಿಸುವ ಸಾಮರ್ಥ್ಯವನ್ನು ಆ ಮಿದುಳಿನಿಂದ ಶಾಶ್ವತವಾಗಿ ಅಳಿಸಿಬಿಡುತ್ತದೆ. ಆದ್ದರಿಂದ ಬೆಳೆದ ಹೆಣ್ಣಿಗೆ ಟೆಸ್ಟೋಸ್ಟೆರೋನ್ ನೀಡಿದರೂ ಅದು ಗಂಡಿನಂತೆ ಏರಿ ಕೂಡಲು ಯತ್ನಿಸುವುದಿಲ್ಲ. ಭ್ರೂಣಾವಸ್ಥೆಯಲ್ಲಿ ಅರೋಮಟೇಸ್ ತಡೆಯುವ ಔಷಧವನ್ನು ಮೊಟ್ಟೆಗೆ ಚುಚ್ಚಿದ್ದರೆ, ಅದೇ ಹೆಣ್ಣು ಬೆಳೆದ ಮೇಲೆ ಟೆಸ್ಟೋಸ್ಟೆರೋನ್‌ಗೆ ಸ್ಪಂದಿಸಿ ಗಂಡಿನಂತೆ ವರ್ತಿಸುತ್ತದೆ.

ಲೈಂಗಿಕ ಹಾರ್ಮೋನುಗಳ ಪರಿಣಾಮ ಸಾಮಾನ್ಯವಾಗಿ ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಪ್ರಕಟವಾಗುತ್ತದೆ. ಮಿದುಳಿನ ಅರೋಮಟೇಸ್ ಚಟುವಟಿಕೆ ಮಾತ್ರ ಕೆಲವೇ ನಿಮಿಷಗಳಲ್ಲಿ ಏರಿಳಿಯಬಲ್ಲದು. ಹೀಗಾಗಿ ಈಸ್ಟ್ರೋಜನ್ ಮಿದುಳಿನಲ್ಲಿ ನರಸಂವಾಹಕದಂತೆಯೂ ಕಾರ್ಯನಿರ್ವಹಿಸುತ್ತದೆ ಎಂದು ಪರಿಗಣಿಸಲಾಗಿದೆ. ಗಂಡು ಜೀಬ್ರಾ ಫಿಂಚ್ ಹೆಣ್ಣಿನ ಸನ್ನಿಧಿಯಲ್ಲಿದ್ದಾಗ ಅದರ ಮುಮ್ಮಿದುಳಿನ ಶ್ರವಣ ಭಾಗದಲ್ಲಿ ಎಸ್ಟ್ರಾಡಯೋಲ್ ಅರ್ಧ ಗಂಟೆಯೊಳಗೆ ಏರಿದ್ದನ್ನು 2008ರಲ್ಲಿ ಅಳೆಯಲಾಗಿದೆ.

ಹಾಡು ಮತ್ತು ಮಿದುಳಿನ ಬೆಳವಣಿಗೆ

ಹಾಡುಹಕ್ಕಿಗಳ ಮುಮ್ಮಿದುಳಿನಲ್ಲಿ ಹಾಡನ್ನು ಕಲಿಯಲು ಮತ್ತು ಹಾಡಲು ಮೀಸಲಾದ ನರಕೇಂದ್ರಗಳಿವೆ. ಇವುಗಳಲ್ಲಿ ಎಚ್‌ವಿಸಿ ಮತ್ತು ಆರ್‌ಎ ಎಂಬ ಸಂಕ್ಷಿಪ್ತ ಹೆಸರಿನವು ಮುಖ್ಯವಾದವು. ಕ್ಯಾನರಿ ಮತ್ತು ಜೀಬ್ರಾ ಫಿಂಚ್‌ಗಳಲ್ಲಿ ಈ ಕೇಂದ್ರಗಳು ಹೆಣ್ಣಿಗಿಂತ ಗಂಡಿನಲ್ಲಿ ಬಹಳ ದೊಡ್ಡದಾಗಿವೆ ಎಂದು ಫರ್ನಾಂಡೋ ನಾಟ್ಟೆಬೋಮ್ ಮತ್ತು ಆರ್ಥರ್ ಆರ್ನಾಲ್ಡ್ 1976ರಲ್ಲಿ ವರದಿ ಮಾಡಿದರು. ಗಂಡು ಮತ್ತು ಹೆಣ್ಣಿನ ಮಿದುಳಿನ ರಚನೆಯಲ್ಲಿ ಇಷ್ಟು ಎದ್ದುಕಾಣುವ ವ್ಯತ್ಯಾಸವಿದೆಯೆಂಬುದು ಆ ಕಾಲಕ್ಕೆ ಹೊಸ ಸಂಗತಿಯಾಗಿತ್ತು. ಈ ಕೇಂದ್ರಗಳ ಅನೇಕ ನರಕೋಶಗಳಲ್ಲಿ ಟೆಸ್ಟೋಸ್ಟೆರೋನ್ ಗ್ರಾಹಕಗಳಿವೆ.

ಗಂಡು ಕ್ಯಾನರಿಯ ಎಚ್‌ವಿಸಿ ಶರತ್ಕಾಲಕ್ಕೆ ಹೋಲಿಸಿದರೆ ವಸಂತದಲ್ಲಿ ಸುಮಾರು ಎರಡರಷ್ಟು ದೊಡ್ಡದಾಗಿರುತ್ತದೆ. ಬೆಳೆದ ಹೆಣ್ಣು ಕ್ಯಾನರಿಗೆ ಟೆಸ್ಟೋಸ್ಟೆರೋನ್ ನೀಡಿದಾಗ ಈ ಕೇಂದ್ರಗಳು ಹಿಗ್ಗಿ ಅದು ಗಂಡಿನಂತೆ ಹಾಡಲಾರಂಭಿಸುತ್ತದೆ. ಬೆಳೆದ ಹೆಣ್ಣು ಜೀಬ್ರಾ ಫಿಂಚ್ ಮಾತ್ರ ಅದೇ ಹಾರ್ಮೋನಿಗೆ ಸ್ಪಂದಿಸಿ ಹಾಡುವುದಿಲ್ಲ. ಬೆಳೆದ ಕ್ಯಾನರಿಗಳ ಮಿದುಳಿನಲ್ಲಿ ಹೊಸ ನರಕೋಶಗಳು ಹುಟ್ಟುತ್ತವೆ ಎಂಬ 1980ರ ದಶಕದ ಶೋಧವು, ಪ್ರೌಢ ಪ್ರಾಣಿಯ ಮಿದುಳಿನಲ್ಲಿ ನರಕೋಶಗಳು ಹುಟ್ಟುವುದಿಲ್ಲವೆಂಬ ಹಳೆಯ ನಂಬಿಕೆಯನ್ನು ಅಲುಗಾಡಿಸಿತು.

ಸಂಗಾತಿಯಿಂದ ಮಿದುಳಿನ ಮೇಲಾಗುವ ಪ್ರಭಾವ

ವರ್ತನೆಯು ಹಾರ್ಮೋನನ್ನು ಬದಲಿಸುವ ಬಗೆಯನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದ ಹಕ್ಕಿ ರಿಂಗ್ ಡವ್ ಎಂಬ ಸಾಕು ಬೆಳವ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಡೇನಿಯಲ್ ಲೆಹ್ರ್‌ಮನ್ ಇದರ ಸಂತಾನೋತ್ಪತ್ತಿ ಚಕ್ರವನ್ನು ಅಧ್ಯಯನ ಮಾಡಿದರು. ಒಂಟಿಯಾಗಿ ಇರಿಸಿದ ಹೆಣ್ಣು ಮೊಟ್ಟೆಯಿಡುವುದಿಲ್ಲ. ಗಂಡಿನೊಂದಿಗೆ ಇರಿಸಿದಾಗ ಗಂಡು ತಲೆ ಬಾಗಿಸಿ ಕೂಗುತ್ತಾ ಓಲೈಸುತ್ತದೆ, ಎರಡೂ ಸೇರಿ ಗೂಡು ಕಟ್ಟುತ್ತವೆ, ಅನಂತರ ಹೆಣ್ಣು ಎರಡು ಮೊಟ್ಟೆಗಳನ್ನಿಡುತ್ತದೆ. ಗಾಜಿನ ಆಚೆ ಇರುವ ಗಂಡನ್ನು ನೋಡುವುದರಿಂದಲೂ ಹೆಣ್ಣಿನ ಅಂಡಾಶಯ ಚುರುಕುಗೊಳ್ಳುತ್ತದೆ. ವೃಷಣ ತೆಗೆದ ಗಂಡು ಓಲೈಸುವುದಿಲ್ಲವಾದ್ದರಿಂದ ಅದರ ಸಾನ್ನಿಧ್ಯಕ್ಕೆ ಆ ಪರಿಣಾಮ ಇಲ್ಲ.

ಇದೇ ಹಕ್ಕಿಯ ಮೇಲೆ ಮುಂದುವರಿದ ಮೇ-ಫಾಂಗ್ ಚೆಂಗ್ ಅವರ ಸಂಶೋಧನೆ ಮತ್ತೊಂದು ಸಂಗತಿಯನ್ನು ಬೆಳಕಿಗೆ ತಂದಿತು. ಗಂಡಿನ ಓಲೈಕೆಗೆ ಪ್ರತಿಯಾಗಿ ಹೆಣ್ಣು ಗೂಡಿನಲ್ಲಿ ವಿಶಿಷ್ಟವಾದ ಕೂಗು ಹೊರಡಿಸುತ್ತದೆ. ಶಸ್ತ್ರಕ್ರಿಯೆಯಿಂದ ಹೆಣ್ಣಿನ ದನಿಯನ್ನು ಅಡಗಿಸಿದಾಗ, ಗಂಡು ಎಂದಿನಂತೆ ಓಲೈಸುತ್ತಿದ್ದರೂ ಅಂಡಕೋಶಗಳ ಬೆಳವಣಿಗೆ ಕುಂಠಿತವಾಯಿತು. ಆ ಹೆಣ್ಣಿಗೆ ಅದರದೇ ಕೂಗಿನ ಧ್ವನಿಮುದ್ರಣವನ್ನು ಕೇಳಿಸಿದಾಗ ಬೆಳವಣಿಗೆ ಮತ್ತೆ ಆರಂಭವಾಯಿತು. ಹೈಪೋಥಲಾಮಸ್ಸಿನ ಕೆಲವು ನರಕೋಶಗಳು ಈ ಕೂಗಿಗೆ ವಿಶೇಷವಾಗಿ ಸ್ಪಂದಿಸಿ ಎಲ್‌ಎಚ್ ಬಿಡುಗಡೆಗೆ ಕಾರಣವಾಗುತ್ತವೆ ಎಂದು 1998ರಲ್ಲಿ ತೋರಿಸಲಾಯಿತು. ಅಂದರೆ ಗಂಡು ಹೆಣ್ಣನ್ನು ಕೂಗುವಂತೆ ಮಾಡುತ್ತದೆ; ಹೆಣ್ಣು ತನ್ನ ಕೂಗನ್ನು ತಾನೇ ಕೇಳಿ ಮೊಟ್ಟೆಯಿಡಲು ಸಿದ್ಧಗೊಳ್ಳುತ್ತದೆ.

ಜೋಡಿ ಬಂಧ ಮತ್ತು ಒಡನಾಟ

ಸಸ್ತನಿಗಳ ವ್ಯಾಸೋಪ್ರೆಸಿನ್ ಮತ್ತು ಆಕ್ಸಿಟೋಸಿನ್ ಹಾರ್ಮೋನುಗಳಿಗೆ ಸಮಾನವಾದ ವ್ಯಾಸೋಟೋಸಿನ್ ಮತ್ತು ಮೀಸೋಟೋಸಿನ್ ಎಂಬ ಪೆಪ್ಟೈಡುಗಳನ್ನು ಪಕ್ಷಿಗಳ ಹೈಪೋಥಲಾಮಸ್ ತಯಾರಿಸುತ್ತದೆ. ಇವೆರಡೂ ಒಂಬತ್ತು ಅಮೈನೋ ಆಮ್ಲಗಳಿಂದಾಗಿವೆ. ವ್ಯಾಸೋಟೋಸಿನ್ ದೇಹದಲ್ಲಿ ನೀರನ್ನು ಉಳಿಸುವುದಕ್ಕೂ ಮೊಟ್ಟೆಯನ್ನು ಹೊರಹಾಕುವುದಕ್ಕೂ ನೆರವಾಗುತ್ತದೆ. ಮಿದುಳಿನೊಳಗೆ ಅದು ಸಾಮಾಜಿಕ ವರ್ತನೆಯ ನಿಯಂತ್ರಣದಲ್ಲಿ ಪಾಲ್ಗೊಳ್ಳುತ್ತದೆ.

ಹಿಂಡಿನಲ್ಲಿ ಬಾಳುವ ಮತ್ತು ದೀರ್ಘಕಾಲ ಒಂದೇ ಸಂಗಾತಿಯೊಡನೆ ಇರುವ ಜೀಬ್ರಾ ಫಿಂಚ್ ಈ ಅಧ್ಯಯನಗಳಿಗೆ ಮಾದರಿ ಹಕ್ಕಿಯಾಗಿದೆ. ಮೀಸೋಟೋಸಿನ್‌ನ ಕ್ರಿಯೆಯನ್ನು ತಡೆದಾಗ ಹೆಣ್ಣುಗಳು ದೊಡ್ಡ ಗುಂಪಿನತ್ತ ಮತ್ತು ಪರಿಚಿತ ಹಕ್ಕಿಗಳತ್ತ ತೋರುವ ಒಲವು ಕಡಿಮೆಯಾಯಿತು ಎಂದು ಜೇಮ್ಸ್ ಗುಡ್ಸನ್ ಮತ್ತು ಸಂಗಡಿಗರು 2009ರಲ್ಲಿ ವರದಿ ಮಾಡಿದರು. ಇದೇ ಬಗೆಯ ಗ್ರಾಹಕಗಳನ್ನು ತಡೆದಾಗ, ವಿಶೇಷವಾಗಿ ಹೆಣ್ಣುಗಳಲ್ಲಿ, ಜೋಡಿಯಾಗುವ ಪ್ರವೃತ್ತಿ ಕುಂಠಿತವಾಗುವುದನ್ನು ಅನಂತರದ ಅಧ್ಯಯನಗಳು ತೋರಿಸಿವೆ.

ಪೈಪೋಟಿ ಮತ್ತು ಮರಿಗಳ ಪಾಲನೆ

ಟೆಸ್ಟೋಸ್ಟೆರೋನ್ ಹೆಚ್ಚಿದಷ್ಟೂ ಗಂಡು ಹಕ್ಕಿಗೆ ಲಾಭ ಎಂದು ಭಾವಿಸುವುದು ಸರಿಯಲ್ಲ. 1990ರಲ್ಲಿ ಜಾನ್ ವಿಂಗ್‌ಫೀಲ್ಡ್ ಮತ್ತು ಸಂಗಡಿಗರು ಮಂಡಿಸಿದ ಸವಾಲಿನ ಸಿದ್ಧಾಂತದ ಪ್ರಕಾರ, ಸಂತಾನೋತ್ಪತ್ತಿಗೆ ಅಗತ್ಯವಿರುವ ಮಟ್ಟಕ್ಕಿಂತ ಮೇಲೆ ಟೆಸ್ಟೋಸ್ಟೆರೋನ್ ಏರುವುದು ಮುಖ್ಯವಾಗಿ ಎದುರಾಳಿಗಳ ಸವಾಲು ಇರುವಾಗ. ಗಂಡು ಮರಿಗಳನ್ನು ಸಾಕುವ ಜಾತಿಗಳಲ್ಲಿ ಪಾಲನೆಯ ಅವಧಿಗೆ ಈ ಮಟ್ಟ ಇಳಿಯುತ್ತದೆ. ಏಕಸಂಗಾತಿ ಪದ್ಧತಿಯ ಗುಬ್ಬಿಗಳಿಗೆ ಟೆಸ್ಟೋಸ್ಟೆರೋನ್ ಕಸಿ ಮಾಡಿದಾಗ ಕೆಲವು ಗಂಡುಗಳು ಒಂದಕ್ಕಿಂತ ಹೆಚ್ಚು ಹೆಣ್ಣುಗಳೊಡನೆ ಜೋಡಿಯಾದುದನ್ನು ವಿಂಗ್‌ಫೀಲ್ಡ್ 1984ರಲ್ಲಿಯೇ ತೋರಿಸಿದ್ದರು.

ಅಮೆರಿಕದ ವರ್ಜೀನಿಯಾದಲ್ಲಿ ಎಲೆನ್ ಕೆಟರ್ಸನ್ ಮತ್ತು ವಾಲ್ ನೋಲನ್ ನಡೆಸಿದ ದೀರ್ಘಾವಧಿಯ ಅಧ್ಯಯನದಲ್ಲಿ, ಟೆಸ್ಟೋಸ್ಟೆರೋನ್ ಕಸಿ ಪಡೆದ ಗಂಡು ಜುಂಕೋಗಳು ಹೆಚ್ಚು ಹಾಡಿದವು ಮತ್ತು ಇತರ ಜೋಡಿಗಳ ಹೆಣ್ಣುಗಳಿಂದಲೂ ಹೆಚ್ಚು ಮರಿಗಳನ್ನು ಪಡೆದವು. ಆದರೆ ಅವು ತಮ್ಮ ಗೂಡಿನ ಮರಿಗಳಿಗೆ ಕಡಿಮೆ ಆಹಾರ ತಂದವು ಮತ್ತು ಅವುಗಳ ಬದುಕುಳಿಯುವಿಕೆಯ ಪ್ರಮಾಣವೂ ಕುಸಿಯಿತು.

ಗ್ರಾಹಕಗಳಲ್ಲಿನ ವ್ಯತ್ಯಾಸ

ರಕ್ತದಲ್ಲಿ ಹಾರ್ಮೋನು ಎಷ್ಟಿದೆ ಎಂ‌ಬುದರಷ್ಟೇ, ಅದನ್ನು ಗುರುತಿಸುವ ಗ್ರಾಹಕಗಳು ಮಿದುಳಿನ ಯಾವ ಭಾಗದಲ್ಲಿ ಎಷ್ಟಿವೆ ಎಂಬುದೂ ಮುಖ್ಯ. ಉತ್ತರ ಅಮೆರಿಕದ ಬಿಳಿ ಕೊರಳಿನ ಗುಬ್ಬಿಯಲ್ಲಿ ಎರಡು ಬಗೆಗಳಿವೆ: ನೆತ್ತಿಯಲ್ಲಿ ಬಿಳಿ ಪಟ್ಟೆಯಿರುವವು ಮತ್ತು ಕಂದು ಪಟ್ಟೆಯಿರುವವು. ಬಿಳಿ ಪಟ್ಟೆಯ ಹಕ್ಕಿಗಳು ಹೆಚ್ಚು ಹಾಡುತ್ತವೆ, ಹೆಚ್ಚು ಕಾದಾಡುತ್ತವೆ ಮತ್ತು ಮರಿಗಳಿಗೆ ಕಡಿಮೆ ಆಹಾರ ನೀಡುತ್ತವೆ. ಬಹುತೇಕ ಎಲ್ಲ ಜೋಡಿಗಳಲ್ಲಿ ಒಂದು ಬಿಳಿ ಪಟ್ಟೆಯದಾದರೆ ಇನ್ನೊಂದು ಕಂದು ಪಟ್ಟೆಯದಾಗಿರುತ್ತದೆ. ಬಿಳಿ ಪಟ್ಟೆಯ ಹಕ್ಕಿಗಳ ಎರಡನೆಯ ವರ್ಣತಂತುವಿನ ಒಂದು ಭಾಗ ತಿರುವುಮುರುವಾಗಿದ್ದು, ಈಸ್ಟ್ರೋಜನ್ ಗ್ರಾಹಕದ ಜೀನು ಅದರೊಳಗಿದೆ. ಮಿದುಳಿನ ಟೀನಿಯೇ ಎಂಬ ನರಕೇಂದ್ರದಲ್ಲಿ ಈ ಜೀನಿನ ಅಭಿವ್ಯಕ್ತಿಯನ್ನು ತಗ್ಗಿಸಿದಾಗ ಬಿಳಿ ಪಟ್ಟೆಯ ಹಕ್ಕಿಗಳ ಆಕ್ರಮಣಶೀಲತೆ ಕಂದು ಪಟ್ಟೆಯವುಗಳ ಮಟ್ಟಕ್ಕೆ ಇಳಿಯಿತು ಎಂದು ಡೋನಾ ಮೇನಿ ಅವರ ತಂಡ 2020ರಲ್ಲಿ ಪ್ರಕಟಿಸಿತು.

ಗಂಡು ಹೆಣ್ಣುಗಳ ಪಾತ್ರ ಅದಲುಬದಲಾಗಿರುವ ಜಾತಿಗಳಲ್ಲಿಯೂ ಇದೇ ತತ್ತ್ವ ಕಾಣುತ್ತದೆ. ಆಫ್ರಿಕಾದ ಕಪ್ಪು ಕೂಕಲ್ ಹಕ್ಕಿಯಲ್ಲಿ ಹೆಣ್ಣು ಕೂಗಿ ನೆಲೆಯನ್ನು ಕಾಯುತ್ತದೆ, ಗಂಡು ಕಾವು ಕೂರುತ್ತದೆ. ಹೆಣ್ಣಿನ ರಕ್ತದಲ್ಲಿ ಟೆಸ್ಟೋಸ್ಟೆರೋನ್ ಗಂಡಿಗಿಂತ ಹೆಚ್ಚಿಲ್ಲ. ಆದರೆ ಅದರ ಟೀನಿಯೇ ನರಕೇಂದ್ರದಲ್ಲಿ ಆಂಡ್ರೋಜನ್ ಗ್ರಾಹಕದ ಜೀನಿನ ಅಭಿವ್ಯಕ್ತಿ ಗಂಡಿಗಿಂತ ಅಧಿಕವಾಗಿದೆ.

ಕಾವು ಮತ್ತು ಪ್ರೊಲ್ಯಾಕ್ಟಿನ್

ಮಿಲನದ ಹಂತದಿಂದ ಕಾವಿನ ಹಂತಕ್ಕೆ ಸಾಗುವಾಗ ಪಿಟ್ಯುಟರಿಯ ಪ್ರೊಲ್ಯಾಕ್ಟಿನ್ ಹಾರ್ಮೋನು ಪ್ರಧಾನವಾಗುತ್ತದೆ. ಪಾರಿವಾಳಗಳ ಗಂಟಲಚೀಲದಲ್ಲಿ ಮರಿಗಳಿಗಾಗಿ ಹಾಲಿನಂತಹ ಪದಾರ್ಥ ಉತ್ಪತ್ತಿಯಾಗುವುದು ಇದರಿಂದಲೇ ಎಂದು ಆಸ್ಕರ್ ರಿಡ್ಲ್ ಮತ್ತು ಸಂಗಡಿಗರು 1930ರ ದಶಕದ ಆರಂಭದಲ್ಲಿ ತೋರಿಸಿ ಇದಕ್ಕೆ ಆ ಹೆಸರನ್ನಿಟ್ಟರು. ಪಕ್ಷಿಗಳಲ್ಲಿ ಇದರ ಬಿಡುಗಡೆಯನ್ನು ಪ್ರಚೋದಿಸುವುದು ಹೈಪೋಥಲಾಮಸ್ ತಯಾರಿಸುವ ವಿಐಪಿ ಎಂಬ ಪೆಪ್ಟೈಡ್. ಪ್ರೊಲ್ಯಾಕ್ಟಿನ್ ಏರಿದಾಗ ಎಲ್‌ಎಚ್ ಇಳಿದು ಮೊಟ್ಟೆಯಿಡುವಿಕೆ ನಿಲ್ಲುತ್ತದೆ. ನಾಟಿ ಕೋಳಿ ಕಾವಿಗೆ ಕುಳಿತಾಗ ಮೊಟ್ಟೆ ನಿಲ್ಲುವುದಕ್ಕೆ ಕಾರಣ ಇದೇ.

ಪ್ರಾಯೋಗಿಕ ಮಹತ್ವ

ಕೋಳಿ ಸಾಕಣೆಯಲ್ಲಿ ಮೊಟ್ಟೆಕೋಳಿಗಳಿಗೆ ದಿನಕ್ಕೆ ಸುಮಾರು 14ರಿಂದ 16 ಗಂಟೆ ಬೆಳಕು ಒದಗಿಸುವುದು ಈ ತಿಳಿವಳಿಕೆಯ ನೇರ ಅನ್ವಯವಾಗಿದೆ. ಟರ್ಕಿ ಕೋಳಿಗಳಿಗೆ ವಿಐಪಿಯ ವಿರುದ್ಧ ಲಸಿಕೆ ನೀಡಿ ಕಾವು ಕೂರುವ ಪ್ರವೃತ್ತಿಯನ್ನು ತಗ್ಗಿಸಬಹುದೆಂದು ಪ್ರಯೋಗಗಳು ತೋರಿಸಿವೆ.

ಹಗಲಿನ ಉದ್ದವನ್ನು ಅಳೆಯುವ ಮಿದುಳು ಕೃತಕ ಬೆಳಕಿನಿಂದ ಮೋಸಹೋಗುತ್ತದೆ. ಜರ್ಮನಿಯಲ್ಲಿ ಯುರೋಪಿನ ಬ್ಲ್ಯಾಕ್‌ಬರ್ಡ್ ಹಕ್ಕಿಗಳನ್ನು ರಾತ್ರಿಯ ವೇಳೆ ಕೇವಲ 0.3 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿ ಇರಿಸಿದಾಗ ಅವುಗಳ ಜನನಗ್ರಂಥಿಗಳು ಕತ್ತಲೆಯಲ್ಲಿದ್ದ ಹಕ್ಕಿಗಳಿಗಿಂತ ಸುಮಾರು ಒಂದು ತಿಂಗಳು ಮೊದಲೇ ಬೆಳೆದವು ಎಂದು 2013ರ ಅಧ್ಯಯನ ತಿಳಿಸಿದೆ. ಇದು ಬೀದಿದೀಪದ ಬೆಳಕಿಗಿಂತ ಬಹಳ ಕಡಿಮೆ. ಮರಿಗಳಿಗೆ ಬೇಕಾದ ಕೀಟಗಳು ಇನ್ನೂ ಕಾಣಿಸಿಕೊಳ್ಳದ ಕಾಲಕ್ಕೆ ಸಂತಾನೋತ್ಪತ್ತಿ ಆರಂಭವಾಗುವ ಅಪಾಯ ಇದರಿಂದ ಉಂಟಾಗುತ್ತದೆ. ಈಸ್ಟ್ರೋಜನ್‌ನಂತೆ ವರ್ತಿಸುವ ರಾಸಾಯನಿಕಗಳೂ ಹಾನಿಕರವಾಗಿವೆ. ಗರ್ಭನಿರೋಧಕ ಮಾತ್ರೆಗಳಲ್ಲಿರುವ ಎಥಿನೈಲ್ ಎಸ್ಟ್ರಾಡಯೋಲ್ ಅನ್ನು ಲಾವಕ್ಕಿಯ ಮೊಟ್ಟೆಗಳಿಗೆ ಚುಚ್ಚಿದಾಗ, ಅವುಗಳಿಂದ ಹೊರಬಂದ ಗಂಡುಗಳು ಬೆಳೆದ ಬಳಿಕ ಸರಿಯಾಗಿ ಕೂಡಲಿಲ್ಲ. ಹೊರನೋಟಕ್ಕೆ ಆರೋಗ್ಯವಾಗಿ ಕಾಣುವ ಹಕ್ಕಿಯ ಸಂತಾನಶಕ್ತಿ ಮೊಟ್ಟೆಯ ಹಂತದಲ್ಲಿಯೇ ಕುಂದಿರಬಹುದು ಎಂಬುದನ್ನು ಇದು ಸೂಚಿಸುತ್ತದೆ.

ಹಾರ್ಮೋನುಗಳ ಪ್ರಭಾವದ ಮಿತಿ

ಗಂಡು ಹೆಣ್ಣುಗಳ ಮಿದುಳಿನ ಎಲ್ಲ ವ್ಯತ್ಯಾಸಗಳಿಗೂ ಹಾರ್ಮೋನುಗಳೇ ಕಾರಣವಲ್ಲ. ದೇಹದ ಬಲಭಾಗ ಗಂಡಾಗಿಯೂ ಎಡಭಾಗ ಹೆಣ್ಣಾಗಿಯೂ ಇದ್ದ ಅಪರೂಪದ ಜೀಬ್ರಾ ಫಿಂಚ್ ಒಂದರ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಅದರ ಮಿದುಳಿನ ಎರಡೂ ಪಾರ್ಶ್ವಗಳಿಗೆ ಹರಿಯುತ್ತಿದ್ದ ರಕ್ತ ಒಂದೇ, ರಕ್ತದಲ್ಲಿದ್ದ ಹಾರ್ಮೋನುಗಳೂ ಒಂದೇ. ಆದರೂ ಹಾಡಿನ ಎಚ್‌ವಿಸಿ ಕೇಂದ್ರ ಗಂಡು ಭಾಗದಲ್ಲಿ ದೊಡ್ಡದಾಗಿತ್ತು. ನರಕೋಶಗಳ ಸ್ವಂತ ಜೀನುಗಳೂ ಮಿದುಳಿನ ಲಿಂಗಭೇದದಲ್ಲಿ ಪಾಲು ಹೊಂದಿವೆ ಎಂಬುದಕ್ಕೆ ಇದು ಸಾಕ್ಷ್ಯವಾಯಿತು.

ಹಾರ್ಮೋನುಗಳು ಒಂದು ನಿರ್ದಿಷ್ಟ ವರ್ತನೆಯನ್ನು ಬಲವಂತವಾಗಿ ಹೊರಡಿಸುವುದಿಲ್ಲ. ತಕ್ಕ ಸಂದರ್ಭ ಎದುರಾದಾಗ ಆ ವರ್ತನೆ ಪ್ರಕಟವಾಗುವ ಸಾಧ್ಯತೆಯನ್ನು ಹೆಚ್ಚಿಸುತ್ತವೆ ಅಥವಾ ಕಡಿಮೆ ಮಾಡುತ್ತವೆ. ಋತು, ಸಂಗಾತಿ, ಗೂಡಿನ ನೆಲೆ, ಹಿಂದಿನ ಅನುಭವ ಮತ್ತು ಜೀನುಗಳು ಸೇರಿಯೇ ಹಕ್ಕಿಯ ಮಿಲನ ವರ್ತನೆಯನ್ನು ನಿರ್ಧರಿಸುತ್ತವೆ.